ಹಸಿರು ಅಂಕ ಕಾದ ಮುದ್ದಯ್ಯ

ಮೈಸೂರಿನ ಆಚೆ ಒಂದು ಹಾಸ್ಟೆಲು ಏಳುತ್ತಿತ್ತು. ಅಲ್ಲಿ ಗಾರೆ ಹೊರುತ್ತಿದ್ದವಳು ಚಿಕ್ಕತಾಯಮ್ಮ. ಅವಳಿಗೊಬ್ಬನೇ ಮಗ, ಮುದ್ದಯ್ಯ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದಕ್ಕೇ ಅವನಿಗೆ ಏನಾದರೂ ಹೇಳಲು ಎಲ್ಲರಿಗೂ ಹೆದರಿಕೆ. ಇವನ ತಲೆಗೆ ಮಾತು ಇಳಿಸೋದು ಕಷ್ಟ, ಇಳಿದದ್ದನ್ನು ತೆಗೆಯೋದು ಇನ್ನೂ ಕಷ್ಟ ಅಂತ ತಾಯಿ ನಿಟ್ಟುಸಿರು ಬಿಡುತ್ತಿದ್ದಳು.

ಅದೋ ಅಂತಿಂಥ ಕಟ್ಟಡವಲ್ಲ, ಹಸಿರು ಕಟ್ಟಡ. ನೀರು ಉಳಿಸಿದರೆ ಅಂಕ, ಧೂಳು ತಡೆದರೆ ಅಂಕ, ಗಿಡ ನೆಟ್ಟರೆ ಅಂಕ. ಅಂಕ ಕೂಡಿದರೆ ಸರ್ಟಿಫಿಕೇಟು. ಎಂಜಿನಿಯರ್ ಶಾರ್ವರಿ ಮೇಡಂ ಅಂಕದ ಹಿಂದೆಯೇ ಓಡಾಡುತ್ತಿದ್ದರು. ಚಿಕ್ಕತಾಯಮ್ಮ ಕಾಡಿ ಬೇಡಿದ್ದಕ್ಕೆ ಮುದ್ದಯ್ಯನನ್ನು ಗೇಟಿಗೆ ನಿಲ್ಲಿಸಿದರು.

ಮೊದಲ ದಿನ ಜಲ್ಲಿ ಲಾರಿ ಕೆಸರುಗಾಲಿಯಲ್ಲೇ ಹೊರಟು ರಸ್ತೆಯೆಲ್ಲ ರಾಡಿ. ಮೇಡಂ ಬೈದರು. ಗೇಟಿಗೆ ಬಂದದ್ದನ್ನು ಚೆನ್ನಾಗಿ ತೊಳೆದು ಬಿಡಬೇಕು ಕಣೋ ಅಂದರು. ಆಯ್ತು ಅಂದ ಮುದ್ದಯ್ಯ.

ಮಾರನೆಯ ದಿನ ಸಿಮೆಂಟು ಬಂತು. ಮುದ್ದಯ್ಯ ಪೈಪು ಹಿಡಿದು ಲಾರಿ ತೊಳೆದ, ಮೂಟೆ ತೊಳೆದ, ತಿರುಗಿಸಿ ತಿರುಗಿಸಿ ತೊಳೆದ. ಮೂಟೆಗಳೆಲ್ಲ ಬಂಡೆಯಾದವು. ಮೇಡಂ ತಲೆ ಚಚ್ಚಿಕೊಂಡರು. ಬಂದದ್ದನ್ನು ಹಲಗೆ ಮೇಲಿಟ್ಟು, ಟಾರ್ಪಾಲು ಬಿಗಿದು, ಹನಿ ನೀರು ತಾಕದ ಹಾಗೆ ಕಾಯಬೇಕು ಅಂದರು. ಆಯ್ತು ಅಂದ ಮುದ್ದಯ್ಯ.

ಆಮೇಲೆ ಬಂದವು ಹೊಂಗೆ, ಬೇವು, ನೇರಳೆ ಸಸಿಗಳು. ಹಲಗೆ ಮೇಲಿಟ್ಟ, ಟಾರ್ಪಾಲು ಬಿಗಿದ, ಹನಿ ನೀರು ತಾಕಿಸಲಿಲ್ಲ. ಬಿಚ್ಚಿ ನೋಡಿದರೆ ಎಲ್ಲ ಒಣ ಪುಳ್ಳೆ. ಮೇಡಂ ಬೇರೆ ಸಸಿ ತರಿಸಿ, ಮಾತು ಮಾತೂ ಬಿಡಿಸಿ ಹೇಳಿದರು: ಗುಂಡಿಗೆ ಇಳಿದದ್ದಕ್ಕೆ ಮಣ್ಣು ತುಂಬಿ ತುಳಿ. ಹೊಸ ನೀರು ಮುಟ್ಟಬೇಡ, ಕೂಲಿಯವರು ಕೈಕಾಲು ತೊಳೆದು ಸೋಸಿಟ್ಟ ನೀರನ್ನೇ ಹಾಕು. ಚಿಗುರುವ ತನಕ ಯಾರು ಕೀಳಲು ಬಂದರೂ ಬಿಡಬೇಡ.

ತಾಯಿಯನ್ನು ಬೇರೆ ಕರೆದು ಹೇಳಿದರು. "ನಾಳೆ ಅಂಕ ಹಾಕೋ ತಪಾಸಣೆಯವರು ಬರ್ತಾರೆ, ಚಿಕ್ಕತಾಯಮ್ಮ. ಇನ್ನೊಂದು ಎಡವಟ್ಟಾದ್ರೆ ನೀವಿಬ್ಬರೂ ಗಂಟುಮೂಟೆ ಕಟ್ಟಬೇಕು."

ಆ ಸೈಟಿನ ತಗಡಿನ ಶೆಡ್ಡು ಬಿಟ್ಟರೆ ಅವಳಿಗೆ ಬೇರೆ ಸೂರಿರಲಿಲ್ಲ. ಬೆಳಿಗ್ಗೆ ಗಾರೆ ಬಾಣಲಿ ಹೊತ್ತರೂ ಕಣ್ಣು ಮಗನ ಮೇಲೇ.

ತಪಾಸಣೆಯವರು ಬಂದರು. ಒಬ್ಬರೇ, ಕನ್ನಡಕದ ಕಟ್ಟುನಿಟ್ಟಿನ ಮನುಷ್ಯ. ನೆಟ್ಟ ಗಿಡಗಳನ್ನೆಲ್ಲ ನೋಡಿದರು. ಕೊನೆಗೊಂದು ಗುಂಡಿ ಖಾಲಿಯಿತ್ತು. ಆಳ ಸರಿಯಿದೆಯೋ ನೋಡೋಣ ಅಂತ ತಾವೇ ಇಳಿದರು. ಮೇಡಂ ಟೇಪು ತರಲು ಹೋದರು.

ಗುಂಡಿಗೆ ಇಳಿದದ್ದನ್ನು ಮುದ್ದಯ್ಯ ಕಂಡ. ಮಣ್ಣು ತುಂಬಿದ. ತುಳಿದ. ಸೋಸಿಟ್ಟ ನೀರಿನ ಕೊಡ ಎತ್ತಿ ಅವರ ತಲೆ ಮೇಲೆ ಸುರಿದ.

ಚಿಕ್ಕತಾಯಮ್ಮ ಬಾಣಲಿ ಬಿಸಾಕಿ ಓಡಿ ಬಂದಳು. ಅವಳು ಅವರನ್ನು ಮೇಲಕ್ಕೆ ಎಳೆದರೆ ಇವನು ಕೆಳಕ್ಕೆ ಒತ್ತಿದ.

"ಬಿಡೋ, ದೊಡ್ಡವರು ಕಣೋ ಅವರು."

"ಇನ್ನೂ ಚಿಗುರಿಲ್ಲ ಅವ್ವಾ."

ಅವಳು ಪಕ್ಕದ ಬೇವಿನ ಎಳೆ ಕುಡಿಯೊಂದನ್ನು ಚಿವುಟಿ ಆ ಮನುಷ್ಯನ ಕಿವಿಗೆ ಸಿಕ್ಕಿಸಿದಳು. "ಒಸಿ ಅಲ್ಲಾಡಬೇಡಿ ಬುದ್ಧೀ," ಅಂತ ಪಿಸುಗುಟ್ಟಿ, "ನೋಡೋ, ಚಿಗುರ್ತು," ಅಂದಳು.

ಮುದ್ದಯ್ಯ ಕೈಬಿಟ್ಟ. ತಪಾಸಣೆಯವರು ಮೇಲೆ ಬಂದು ತೋಳಿನ ನೀರು ಮೂಸಿದರು.

"ಯಾವ ನೀರಯ್ಯ ಇದು?"

"ಕೈಕಾಲು ತೊಳೆದದ್ದು ಬುದ್ಧೀ. ಹೊಸ ನೀರು ಮುಟ್ಟೇ ಇಲ್ಲ."

ಅಷ್ಟು ಹೊತ್ತಿಗೆ ಮೇಡಂ ಬಂದು, ತಾಯಿ ಮಗ ಇಬ್ಬರೂ ಈಗಲೇ ಗಂಟುಮೂಟೆ ಕಟ್ಟಿ ಅಂದರು. "ಬಳಸಿದ ನೀರನ್ನೇ ಗಿಡಕ್ಕೆ ಹಾಕ್ತೀವಿ ಅಂತ ಎಲ್ಲ ಕಡೆ ಬಾಯಲ್ಲಿ ಹೇಳ್ತಾರೆ," ಅಂದರು ತಪಾಸಣೆಯವರು. "ಇಲ್ಲಿ ನೆತ್ತಿ ಮೇಲೇ ಬಿತ್ತು. ನೀರಿನ ಅಂಕ ಪೂರ್ತಿ. ಇವರನ್ನ ಕಳಿಸಬೇಡಿ." ಕಾರು ಹತ್ತುವಾಗ ತಿರುಗಿ, ಆ ಗುಂಡಿ ಮಾತ್ರ ನಾಳೆಗೆ ಖಾಲಿ ಇರಕೂಡದು, ಇದ್ದರೆ ಗಿಡದ ಅಂಕ ಇಲ್ಲ ಅಂದರು.

ಕತ್ತಲಾಗುವುದರೊಳಗೆ ತುಂಬಿಸು ಅಂತ ಮೇಡಂ ಮುದ್ದಯ್ಯನಿಗೆ ಹೇಳಿದರು. ಸಸಿಗಳು ಮುಗಿದಿದ್ದವು, ಅದನ್ನು ಯಾರೂ ಅವನಿಗೆ ಹೇಳಲಿಲ್ಲ.

ಉಣ್ಣಲು ಬಾರದ ಮಗನನ್ನು ಹುಡುಕುತ್ತ ತಾಯಿ ಬಂದಳು. ಗುಂಡಿಯಲ್ಲಿ ಮೊಳಕಾಲು ಮಟ್ಟ ಮಣ್ಣು ತುಂಬಿಕೊಂಡು, ಕೈ ಎರಡೂ ಕೊಂಬೆ ಹಾಗೆ ಚಾಚಿ, ನೆಟ್ಟಗೆ ನಿಂತಿದ್ದ ಮುದ್ದಯ್ಯ.

"ನೀರು ಹಾಕವ್ವಾ," ಅಂದ. "ನನಗೆ ಕೊಡ ಎಟುಕ್ತಿಲ್ಲ."