ಬಂದೆ ಗುಮ್ಮಟ

ಕಂಚೋಬನಹಳ್ಳಿಯಿಂದ ಪಡುವಣಕ್ಕೆ ಹೊರಟರೆ ಎರೆಹೊಲಗಳ ನಡುವೆ ಬೂದುಬಣ್ಣದ ಕಾಂಕ್ರೀಟ್ ಗುಮ್ಮಟವೊಂದು ಬೋರಲು ಹಾಕಿದ ಬಾನಿಯಂತೆ ಕೂತಿದೆ. ಇಲಾಖೆಯವರು ಈಚೆಗೆ ನೆಟ್ಟ ಫಲಕದಲ್ಲಿ ‘ಬಂಡೆ ಗುಮ್ಮಟ’ ಎಂದಿದೆ. ಯಾವ ಬಂಡೆಯಪ್ಪಾ? ಈ ಎರೆಯಲ್ಲಿ ಎಮ್ಮೆಗೆ ಬೀಸಲು ಒಂದು ಕಲ್ಲು ಸಿಕ್ಕರೆ ನನಗೆ ತಂದು ತೋರಿಸಲಿ. ಅದು ‘ಬಂದೆ ಗುಮ್ಮಟ’. ತಿದ್ದಿರೆಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಆದ್ದರಿಂದ ಹೆಸರಿನ ಕತೆಯನ್ನೇ ಬರೆದಿಡುತ್ತಿದ್ದೇನೆ.

ಹಿಂದೆ ಒಮ್ಮೆ, ಈ ಕಡೆಗೆ ಸಿಮೆಂಟು ಇನ್ನೂ ಹೊಸದಾಗಿದ್ದ ಕಾಲದಲ್ಲಿ, ವಾಮನಮೂರ್ತಿ ಎಂಬ ತರುಣ ಎಂಜಿನಿಯರು ಬಿತ್ತನೆಕಾಳಿನ ಉಗ್ರಾಣ ಕಟ್ಟಲು ಬಂದರು ಎನ್ನುತ್ತಾರೆ. ಕಂಬ ಬೇಡ, ತೊಲೆ ಬೇಡ ಎಂಬುದು ಅವರ ಹಟ. ಮಣ್ಣನ್ನು ಗುಡ್ಡೆ ಹಾಕಿಸಿ, ಅದರ ಮೇಲೆ ಕಬ್ಬಿಣದ ಕಂಬಿ ಹೆಣೆಸಿ ಕಾಂಕ್ರೀಟ್ ಹೊದಿಸಿದರು. ಅದು ಗಟ್ಟಿಯಾದ ಮೇಲೆ ಬಾಗಿಲಿನಿಂದ ಒಳಗಿನ ಮಣ್ಣು ತೆಗೆದರಾಯಿತು. ಆ ಕೆಲಸ ಹಿಡಿದವನು ಮಣ್ಣುಕೆಲಸದ ಮೇಸ್ತ್ರಿ ಓಬಣ್ಣ. ಅವನ ಕಡೆಯವರಲ್ಲೊಂದು ಪದ್ಧತಿ ಉಂಟು: ಎಲ್ಲಿ ಅಗೆದರೂ ನಡುವೆ ಮಣ್ಣಿನ ದಿಂಡೊಂದನ್ನು ಉಳಿಸುತ್ತಾರೆ. ಎಷ್ಟು ಆಳ ಅಗೆದೆವೆಂಬುದಕ್ಕೆ ಅದೇ ಸಾಕ್ಷಿ. ಅದರ ಹೆಸರೂ ಸಾಕ್ಷಿಯೇ. ಅದನ್ನು ಕಡಿಸುವವರು ಪಕ್ಕದಲ್ಲೇ ನಿಂತಿರಬೇಕು, ಇಲ್ಲದಿದ್ದರೆ ಗುದ್ದಲಿ ಏಳುವುದಿಲ್ಲ. ಗುಮ್ಮಟದೊಳಗೂ ಕೈರೂಢಿಯಂತೆ ಸಾಕ್ಷಿ ಉಳಿಯಿತು, ನೆಲದಿಂದ ನೆತ್ತಿಯವರೆಗೆ. ಎಡವಟ್ಟಾಗಿದ್ದೇ ಅಲ್ಲಿ. ಗುಮ್ಮಟ ತಾನಾಗಿ ನಿಂತಿದೆಯೋ, ಆ ಮಣ್ಣು ಹೊತ್ತಿದೆಯೋ ಯಾರಿಗೂ ತಿಳಿಯದಾಯಿತು.

ವಾಮನಮೂರ್ತಿಗಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಗುಮ್ಮಟ ಸುತ್ತುವರು, ಗೋಡೆಗೆ ಕಿವಿ ಕೊಡುವರು, ಕಡಿಯಿರಿ ಎನ್ನುವರು, ಮರುಗಳಿಗೆಗೆ ತಾಳಿ ಎನ್ನುವರು. ಕೊನೆಗೆ ಓಬಣ್ಣ, “ಸ್ವಾಮೀ, ಒಳಗೆ ಬಂದು ನಿಂತ್ಕೊಳ್ಳಿ, ಕಡೀತೀವಿ” ಎಂದ. ಅವರು ಹೊಸ್ತಿಲೊಳಗೆ ಒಂದು ಕಾಲಿಟ್ಟು ಮೇಲೆ ನೋಡಿದರು. “ಒಂದು ನಿಮಿಷ ಓಬಣ್ಣ, ಈಗ ಬಂದೆ” ಎಂದು ಜೀಪು ಹತ್ತಿದರು. ಹೋದವರು ಹೋದರು! ವರ್ಗವಾಯಿತು ಎನ್ನುತ್ತಾರೆ, ನನಗಂತೂ ನಂಬಿಕೆಯಿಲ್ಲ. ಉಗ್ರಾಣಕ್ಕೆ ಕಾಳು ಬರಲಿಲ್ಲ, ಮೇಕೆಗಳು ಬಂದವು. ಜನ ‘ಬಂದೆ ಗುಮ್ಮಟ’ ಎಂದು ಕರೆದು ನಕ್ಕರು. ಬೀಳುವ ಮನೆ ಕಟ್ಟಿದವನೆಂಬ ಮಾತು ಕೇಳಿಸಿಕೊಂಡೇ ಓಬಣ್ಣ ತೀರಿಕೊಂಡ.

ಮೊನ್ನೆಮೊನ್ನೆ ಅದನ್ನು ಕೆಡವಲು ಆದೇಶ ಬಂತು. ಹಳೆಯ ಕಟ್ಟಡಗಳನ್ನು ಉಳಿಸುವ ಕೆಲಸದ ವಸುಮತಿ ಎಂಬುವರು, ಇಂಥ ಪ್ರಯೋಗ ಇನ್ನೆಲ್ಲಿದೆ, ಕಾಂಕ್ರೀಟಾದರೇನು, ಇದೂ ನಮ್ಮ ಪರಂಪರೆಯೇ ಎಂದು ಹೋರಾಡಿ ತಡೆದರು. ಆದರೆ ಸಾಕ್ಷಿ ನೆಲದ ತೇವ ಹೀರಿ ನೆತ್ತಿಯ ಕಂಬಿಗೆ ತುಕ್ಕು ಹಿಡಿಸಿತ್ತು. ಅದನ್ನು ತೆಗೆಯದೆ ಗುಮ್ಮಟ ಉಳಿಯದು. ಓಬಣ್ಣನ ಮಗಳು ಮಾರಕ್ಕ ಬಾಗಿಲಿಗೆ ಅಡ್ಡ ಕೂತಳು. ಗುಮ್ಮಟ ಬಿದ್ದರೆ ಅಪ್ಪನ ಮೇಲಿನ ಮಾತು ನಿಜವಾಗಿಬಿಡುತ್ತದಲ್ಲ!

“ಲೆಕ್ಕ ಹಾಕಿದೀನಿ ಅಜ್ಜೀ, ಬೀಳಲ್ಲ” ಎಂದರು ವಸುಮತಿ.

“ಲೆಕ್ಕ ಆಯಪ್ಪನೂ ಹಾಕಿದ್ದ ತಾಯೀ. ಒಳಗೆ ನಿಂತ್ಕೊಳ್ಳಮ್ಮ, ಆಮೇಲೆ ಮಾತಾಡು.”

ವಸುಮತಿ ಹೋಗಿ ಸಾಕ್ಷಿಯ ಪಕ್ಕ ನಿಂತರು. ಮಾರಕ್ಕ ತಾನೇ ಗುದ್ದಲಿ ಎತ್ತಿದಳು. ನಾವೆಲ್ಲ ಹೊರಗೇ ನಿಂತೆವು. ಕಡೆಯ ಬುಟ್ಟಿ ಹೊರಬಂತು, ಒಂದು ಹಿಡಿ ಧೂಳು ಉದುರಿತು, ಗುಮ್ಮಟ ಮಿಸುಕಲಿಲ್ಲ. ಮಾರಕ್ಕನಿಗೆ ಸಂತೋಷಕ್ಕಿಂತ ಸಿಟ್ಟೇ ಬಂತು. “ನಿನ್ನ ಮನೆ ಹಾಳಾಗ! ಒಂದು ಗಳಿಗೆ ನಿಂತಿದ್ರೆ ನೀನೂ ನೋಡ್ತಿದ್ದೆ, ನಮ್ಮಪ್ಪನೂ ನೋಡ್ತಿದ್ದ” ಎಂದು ಎಂದೋ ಹೋದ ಆ ಎಂಜಿನಿಯರನ್ನು ಬೈದು ಗೊಳೋ ಎಂದು ಅತ್ತಳು.

ಈಗ ನೆತ್ತಿಗೆ ಹೊಸ ತೇಪೆ ಬಿದ್ದಿದೆ, ಮೇಕೆಗಳು ಹೋಗಿವೆ. ನೋಡಲು ಬಂದವರು ಬಾಗಿಲಲ್ಲಿ ಅನುಮಾನಿಸುತ್ತ ನಿಲ್ಲುವುದುಂಟು. ಒಳಗೆ ನಟ್ಟನಡುವೆ ಮಾರಕ್ಕ ಮೊರದಲ್ಲಿ ಅವರೆಕಾಳು ಹಸನು ಮಾಡುತ್ತ ಕೂತಿರುತ್ತಾಳೆ. ತಲೆಯೆತ್ತದೆಯೇ ಕರೆಯುತ್ತಾಳೆ: “ಬನ್ನಿ, ಏನೂ ಆಗಲ್ಲ. ನಮ್ಮಪ್ಪ ಮಾಡಿದ್ದು.”