ಭಟ್ಟಿ ಐತಪ್ಪನನ್ನು ಕರೆದದ್ದು

ಹಂಚಿನ ಕಾರ್ಖಾನೆಯ ಭಟ್ಟಿಗೆ ಬೆಂಕಿ ಹಾಕುವವನು ಐತಪ್ಪ. ಕಿಂಡಿಯಲ್ಲಿ ಇಣುಕಿ, ಉರಿಯ ಬಣ್ಣ ನೋಡಿಯೇ ಸೌದೆ ಹಾಕುವುದನ್ನು ನಿಲ್ಲಿಸುತ್ತಿದ್ದ. ಒಂದು ದಿನ ಬಣ್ಣ ತಿಳಿಯದೆ ಎಲ್ಲವೂ ಮಂಜಾಯಿತು. ಯಾರಿಗೂ ಹೇಳದೆ ಅಂದಾಜಿನಲ್ಲೇ ಸೌದೆ ತುರುಕತೊಡಗಿದ.

ಒಳಗಿದ್ದ ಹಸಿ ಹಂಚುಗಳು ಹೆದರಿದವು. "ಇವನಿಗೆ ಕಣ್ಣು ಕಾಣುವುದಿಲ್ಲ. ನಾವು ಸೀಳಿಹೋಗುತ್ತೇವೆ, ಇವನನ್ನು ಓಡಿಸು" ಎಂದು ಭಟ್ಟಿಗೆ ಹೇಳಿದವು.

"ಇಪ್ಪತ್ತೆಂಟು ವರ್ಷ ನನ್ನ ಉರಿ ನೋಡಿಯೇ ಆ ಕಣ್ಣು ಸವೆದವು. ಹೇಗೆ ಓಡಿಸಲಿ?" ಎಂದಿತು ಭಟ್ಟಿ. ಮನುಷ್ಯರೊಡನೆ ಎಂದೂ ಮಾತಾಡದ ಅದು ಕಿಂಡಿಯಿಂದ ಮೆಲ್ಲಗೆ ಕರೆಯಿತು: "ಐತಪ್ಪಣ್ಣಾ, ಸ್ವಲ್ಪ ನಿಲ್ಲು."

ಐತಪ್ಪನ ಕೈ ನಿಂತಿತು. "ನಿನಗೆ ಗೊತ್ತಾಯಿತೇ?"

"ಗೊತ್ತಾಯಿತು. ಈ ಸಲ ನಾನು ಹೇಳಿದಷ್ಟೇ ಹಾಕು."

ಬಾಗಿಲು ತೆರೆದಾಗ ಒಂದು ಹಂಚೂ ಒಡೆದಿರಲಿಲ್ಲ. ಐತಪ್ಪ ಆರಿದ ಗೋಡೆಗೆ ಅಂಗೈ ಒತ್ತಿ ಬಹಳ ಹೊತ್ತು ನಿಂತ. ಆಮೇಲೆ ತಾನೇ ಯಜಮಾನರ ಬಳಿ ಹೋಗಿ, ತನಗೆ ಉರಿಯ ಬಣ್ಣ ಕಾಣುತ್ತಿಲ್ಲವೆಂದು ಹೇಳಿದ.