ಮೂರು ಸಹಿ, ಒಂದು ಕಿಟಕಿ

ರೇಷ್ಮೆ ಬೆಳೆಯುವ ಸೀಮೆಯ ಒಂದು ಪೇಟೆಯಲ್ಲಿ ಚೌಡರೆಡ್ಡಿ ಎಂಬ ಡಾಕ್ಟರಿದ್ದರು. ಎದೆಯ ರೋಗಗಳನ್ನು ನೋಡುವುದರಲ್ಲಿ ಎತ್ತಿದ ಕೈ. ಮನಸ್ಸೂ ಒಳ್ಳೆಯದು. ಒಂದೇ ಕೊರತೆ ಎಂದರೆ, ತನ್ನ ಕೋಳಿ ಕೂಗಿದರೇ ಬೆಳಗಾಗುವುದು ಎಂದುಕೊಂಡಿದ್ದ ಅಜ್ಜಿಗೆ ಅವರು ಹತ್ತಿರದ ನೆಂಟರು. ಯಾವ ಕೆಲಸವಾದರೂ ತಾವೇ ಮಾಡಬೇಕು, ತಮಗೆ ತಿಳಿಯದ ಸಂಗತಿ ಆ ಪೇಟೆಯಲ್ಲಿ ಇರಲಾರದು ಎಂಬ ಗಟ್ಟಿ ನಂಬಿಕೆ.

ಅಲ್ಲಿಯ ಹೆಂಗಸರು ಶೆಡ್ಡುಗಳಲ್ಲಿ ಕುಳಿತು, ಬಿಸಿನೀರಿನ ಬೇಸಿನ್ನುಗಳಲ್ಲಿ ರೇಷ್ಮೆ ಗೂಡು ಬೇಯಿಸಿ ನೂಲು ಬಿಚ್ಚುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಮುಖಕ್ಕೆ ಹಬೆ. ಹತ್ತು ವರ್ಷ ಹಾಗೆ ದುಡಿದ ಎಷ್ಟೋ ಜನರಿಗೆ ಉಬ್ಬಸ ಹತ್ತಿಕೊಂಡಿತ್ತು. ಖೈರುನ್ನಮ್ಮ ಎಂಬಾಕೆಯಂತೂ ಒಂದು ಮಾತು ಆಡಿ ಮುಗಿಸಲು ನಡುವೆ ಮೂರು ಸಲ ಉಸಿರು ಎಳೆದುಕೊಳ್ಳಬೇಕಿತ್ತು. ಹಿಂದಿನ ಚಳಿಗಾಲದಲ್ಲಿ ಅವರ ಪಕ್ಕದ ಬೇಸಿನ್ನಿನ ಗೆಳತಿ ಉಸಿರು ಸಿಗದೆ ತೀರಿಕೊಂಡಿದ್ದರು. ಮುಂದಿನ ಸರದಿ ತನ್ನದೇ ಇರಬಹುದು ಎಂದು ಖೈರುನ್ನಮ್ಮನಿಗೆ ಗೊತ್ತಿತ್ತು. ಡಾಕ್ಟರಿಗೂ ಗೊತ್ತಿತ್ತು.

ಪ್ರತಿ ತಿಂಗಳೂ ಡಾಕ್ಟರು ಔಷಧಿ ಕೊಟ್ಟು, ಕಿಟಕಿ ತೆಗೆದಿಟ್ಟು ಕೆಲಸ ಮಾಡಿ ಎಂದು ಹೇಳುವರು. ಖೈರುನ್ನಮ್ಮ ತಲೆಯಾಡಿಸುವರು. ಶೆಡ್ಡಿಗೆ ಹೋದ ಮೇಲೆ ಕಿಟಕಿ ಮುಚ್ಚಿಕೊಂಡೇ ಕೂರುವರು. ಇಪ್ಪತ್ತು ವರ್ಷದಿಂದ ಇದೇ ಕತೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು ಎಂದು ಡಾಕ್ಟರು ಮನಸ್ಸಿನಲ್ಲೇ ಸಿಡುಕುತ್ತಿದ್ದರು.

ಹೀಗಿರುವಾಗ ಸರ್ಕಾರ ಒಂದು ಪ್ರಕಟಣೆ ಹೊರಡಿಸಿತು. ಬೇರೆ ಬೇರೆ ವಿದ್ಯೆಯ ಕನಿಷ್ಠ ಮೂವರು ಕೂಡಿ ಒಂದೇ ರೋಗದ ಬೆನ್ನು ಹತ್ತುವುದಾದರೆ, ಅಂಥವರಿಗೆ ಸಂಶೋಧನಾ ಕೇಂದ್ರ ಕಟ್ಟಲು ಐದು ವರ್ಷ ಅನುದಾನ. ಒಬ್ಬರೇ ಬಂದರೆ ಕೊಡುವುದಿಲ್ಲ. ಇದನ್ನು ಓದಿದ ಡಾಕ್ಟರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಖೈರುನ್ನಮ್ಮ ಬದುಕುತ್ತಾರೆ, ಪೇಟೆಯ ಹೆಂಗಸರೆಲ್ಲ ಬದುಕುತ್ತಾರೆ ಎಂದು ಆಸ್ಪತ್ರೆಯ ಪಡಸಾಲೆಯ ತುಂಬ ಹೇಳಿಕೊಂಡು ತಿರುಗಿದರು.

ಆಮೇಲೆ ಬಾಗಿಲು ಹಾಕಿಕೊಂಡು ಕುಳಿತು ನಲವತ್ತು ಪುಟದ ಅರ್ಜಿ ಬರೆದರು. ತಮ್ಮ ಪಾಲಿನದನ್ನು ಬರೆದರು, ಎಂಜಿನಿಯರ್ ಮಾಡಬೇಕಾದ್ದನ್ನೂ ತಾವೇ ಬರೆದರು, ರೇಷ್ಮೆ ವಿಜ್ಞಾನಿಯ ಪಾಲಿನದನ್ನೂ ಬಿಡಲಿಲ್ಲ. ಕಿಟಕಿ ತೆಗೆಯದ ಹಟಮಾರಿಗಳ ಶೆಡ್ಡಿಗೆ ಗೋಡೆ ಕೊರೆದು ದೊಡ್ಡ ದೊಡ್ಡ ಫ್ಯಾನು ಕೂರಿಸಿಬಿಡುವುದು, ಇದು ಅವರ ಯೋಜನೆ.

ಬರೆದದ್ದಾಯಿತು. ಇನ್ನು ಬೇಕಾದದ್ದು ಇಬ್ಬರ ಸಹಿ. ಎಂಜಿನಿಯರ್ ಡೇನಿಯಲ್ ಬೈಕು ಹತ್ತಿ ಹೊರಟಿದ್ದವರು, ಪೆಟ್ರೋಲ್ ಟ್ಯಾಂಕಿನ ಮೇಲೇ ಕಾಗದ ಇಟ್ಟು ಸಹಿ ಹಾಕಿದರು. ರೇಷ್ಮೆ ವಿಜ್ಞಾನಿ ಸರ್ವಮಂಗಳಾ ಊಟದ ಡಬ್ಬಿ ಬಿಚ್ಚಿಕೊಂಡಿದ್ದರು. ಕೈ ತೊಳೆದು ಬಂದು, ಒಂದು ಸಲ ಓದಿ ಕೊಡಲೇ ಎಂದು ಕೇಳಿದರು.

"ಎಲ್ಲಾ ನಾನು ಬರ್ದಿದ್ದೀನಮ್ಮ. ನೀವು ಸಹಿ ಹಾಕಿ, ಸಾಕು," ಎಂದರು ಡಾಕ್ಟರು.

ಅರವತ್ತು ಅರ್ಜಿಗಳಲ್ಲಿ ಒಂಬತ್ತನ್ನು ಪರಿಶೀಲನೆಗೆ ಆರಿಸಿದರು. ಅದರಲ್ಲಿ ಇದೂ ಒಂದು! ಡಾಕ್ಟರು ವಾರ್ಡಿನವರಿಗೆಲ್ಲ ಮೈಸೂರು ಪಾಕ್ ಹಂಚಿದರು. ಸಕ್ಕರೆ ಕಾಯಿಲೆಯವರು ಅದನ್ನು ಡಾಕ್ಟರ ಕೈಯಿಂದಲೇ ತಿಂದು ಧನ್ಯರಾದರು.

ಪರಿಶೀಲನೆಯ ದಿನ ಬಂತು. ಸಮಿತಿಯ ಮುಖ್ಯಸ್ಥೆ ಅಂಬುಜಾಕ್ಷಿ ಎಂಬ ಹಿರಿಯ ವಿಜ್ಞಾನಿ. ಜೊತೆಗೆ ಇನ್ನಿಬ್ಬರು. ಗೋಡೆಯ ತುಂಬ ಬಣ್ಣಬಣ್ಣದ ಚಾರ್ಟು. ರೋಗಿ ಹೇಗಿರುತ್ತಾರೆ ಎಂದು ತೋರಿಸಲು ಖೈರುನ್ನಮ್ಮನನ್ನು ಕರೆಸಿ ಹಿಂದಿನ ಬೆಂಚಿನ ಮೇಲೆ ಕೂರಿಸಿದ್ದರು. ಡಾಕ್ಟರು ಗಂಟಲು ಸರಿಮಾಡಿಕೊಂಡು ಕೋಲು ಎತ್ತಿದರು. ಅಂಬುಜಾಕ್ಷಿ ಕೈ ಅಡ್ಡ ಹಿಡಿದರು.

"ನಿಮ್ಮ ಕೆಲಸ ನೀವು ಹೇಳೋದು ಬೇಡ ಡಾಕ್ಟ್ರೇ. ಡೇನಿಯಲ್ ಅವರ ಕೆಲಸ ಏನು ಅಂತ ನೀವು ಹೇಳಿ. ನಿಮ್ಮದನ್ನ ಅವರು ಹೇಳ್ಲಿ."

ಡಾಕ್ಟರು ಎತ್ತಿದ ಕೋಲು ಇಳಿಸಿದರು. ಅವರು ಫ್ಯಾನು ಕೂರಿಸುತ್ತಾರೆ ಎಂದರು. ಡೇನಿಯಲ್ ಕಣ್ಣು ಬಿಟ್ಟರು. ಪಾಪ, ಇದು ಆಸ್ಪತ್ರೆಯ ಎಕ್ಸ್‌ರೇ ಯಂತ್ರಕ್ಕೆ ಸಂಬಂಧಪಟ್ಟ ಕಾಗದ ಎಂದೇ ಅವರು ಇಲ್ಲಿಯವರೆಗೆ ತಿಳಿದಿದ್ದರು. ಇನ್ನು ಸರ್ವಮಂಗಳಾ ಫ್ಯಾನಿನ ಹೆಸರು ಕೇಳಿದ್ದೇ ತಡ, ಕುರ್ಚಿ ಬಿಟ್ಟು ಎದ್ದೇಬಿಟ್ಟರು.

"ಗಾಳಿ ಬಿದ್ರೆ ನೀರು ಆರತ್ತೆ ಸರ್, ಎಳೆ ಪಟಪಟ ಅಂತ ಹರಿಯತ್ತೆ. ಅವತ್ತಿನ ದುಡಿಮೆ ಹೋಯ್ತು. ಅದಕ್ಕೇ ಅವರು ಕಿಟಕಿ ತೆಗೆಯಲ್ಲ."

ಡಾಕ್ಟರು ಮೆಲ್ಲಗೆ ಹಿಂದಿನ ಬೆಂಚಿನ ಕಡೆ ತಿರುಗಿದರು. ಇಪ್ಪತ್ತು ವರ್ಷದಲ್ಲಿ ಒಂದು ಸಲವಾದರೂ ಇದನ್ನು ಯಾಕೆ ಹೇಳಲಿಲ್ಲ ಎಂದು ಖೈರುನ್ನಮ್ಮನನ್ನು ಕೇಳಿದರು.

"ನೀವು... ಕೇಳ್ಲಿಲ್ಲ... ಡಾಕ್ಟ್ರೇ," ಎಂದರು ಖೈರುನ್ನಮ್ಮ.

ಮಕ್ಕಳೇ, ಈಗ ಡಾಕ್ಟರ ಮುಂದೆ ಎರಡು ದಾರಿ ಇತ್ತು. ಏನೋ ಒಂದು ಜಾಣಮಾತು ಆಡಿ ನುಣುಚಿಕೊಳ್ಳಬಹುದಿತ್ತು. ಮಾತಿನಲ್ಲಿ ಅವರೇನು ಕಡಿಮೆಯಿರಲಿಲ್ಲ. ನಾಚಿಕೆಯಿಂದ ಅವರ ಕಿವಿ ಕೆಂಪಾಗಿತ್ತು. ಆದರೂ ಅವರು ನೆಟ್ಟಗೆ ಹೋಗಿ ಫ್ಯಾನಿನ ಚಾರ್ಟನ್ನು ಗೋಡೆಯಿಂದ ಕಿತ್ತರು. ಮಗುಚಿ ಮೇಜಿನ ಮೇಲೆ ಹರಡಿದರು.

"ಇದು ತಪ್ಪು. ಸಹಿ ಮೂರಿದೆ, ಬರ್ದೋನು ಮಾತ್ರ ನಾನೊಬ್ಬನೇ. ಬನ್ನಿ, ಕೂತ್ಕೊಳ್ಳಿ. ನೀವೇ ಹೇಳಿ," ಎಂದರು.

ಆಗ ನೋಡಬೇಕಿತ್ತು! ಗಾಳಿ ಊದಬಾರದು ಎಂದರೆ ಹಬೆಯನ್ನು ಎಳೆದುಕೊಳ್ಳಬಹುದಲ್ಲ ಎಂದರು ಡೇನಿಯಲ್. ಬೇಸಿನ್ನಿನ ಅಂಚಿಗೇ ಕೊಳವೆ ಕೂರಿಸಿ ಮೆಲ್ಲಗೆ ಎಳೆದರೆ ಹೇಗೆ? ಎಷ್ಟು ಮೆಲ್ಲಗೆ ಎಂದರು ಸರ್ವಮಂಗಳಾ. ಎಳೆ ಅಲುಗಬಾರದು, ಅಷ್ಟು ಮೆಲ್ಲಗೆ ಎಂದು ಅವರೇ ಹೇಳಿದರು. ಹಬೆ ಮೂಗನ್ನು ಮುಟ್ಟುವುದು ಎಲ್ಲಿ ಎಂದು ಡಾಕ್ಟರು ತಮ್ಮ ಸ್ಟೆತಾಸ್ಕೋಪಿನಿಂದಲೇ ಅಳೆಯಲು ಹೊರಟರು. ಅವರು ಅಳೆದದ್ದು ತಪ್ಪು ಎಂದು ಖೈರುನ್ನಮ್ಮ ಎದ್ದು ಬಂದರು. ನೂಲು ಹುಡುಕುವಾಗ ತಲೆ ಎಷ್ಟು ಬಗ್ಗುತ್ತದೆ ಎಂದು ಬಗ್ಗಿ ತೋರಿಸಿದರು. ಹಬೆ ಮುಖಕ್ಕೆ ಬಡಿಯದಂತೆ ಬಿಸ್ಕತ್ತಿನ ಡಬ್ಬಿಯ ತಗಡು ಬಗ್ಗಿಸಿ ತಾವು ಬೇಸಿನ್ನಿಗೆ ಅಡ್ಡ ಇಟ್ಟುಕೊಳ್ಳುವುದನ್ನು, ಪೆನ್ನು ಇಸಿದುಕೊಂಡು ಚಾರ್ಟಿನ ಖಾಲಿ ಬೆನ್ನಿನ ಮೇಲೆ ಬರೆದು ತೋರಿಸಿದರು. ಅದನ್ನು ನೋಡಿ ಡೇನಿಯಲ್ ಹಿಗ್ಗಿ ಮೇಜು ಗುದ್ದಿದರು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ತಂದಿಟ್ಟ ಟೀ ಆರಿ ತಣ್ಣಗಾಯಿತು. ಅಂಕ ಹಾಕಲು ಬಂದಿದ್ದ ಇಬ್ಬರೂ ತಮ್ಮ ಕುರ್ಚಿಗಳನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು.

ಕೊನೆಗೆ ಅಂಬುಜಾಕ್ಷಿ ಫೈಲು ಮುಚ್ಚಿದರು. ಈ ಅರ್ಜಿಗೆ ಅನುದಾನ ಇಲ್ಲ ಎಂದರು. ಎಲ್ಲರ ಮುಖ ಬಾಡಿತು.

"ಹೊಸ ಅರ್ಜಿಗಳ ಎರಡನೇ ಸುತ್ತಿಗೆ ಇನ್ನೂ ಎರಡು ತಿಂಗಳಿದೆ," ಎಂದು ಅವರು ಮೇಜಿನ ಮೇಲಿನ ಚಾರ್ಟನ್ನು ತೋರಿಸಿದರು. "ಇದನ್ನ ಕಳಿಸಿ."

ಆಮೇಲೆ ಪ್ರತಿ ಶನಿವಾರ ನಾಲ್ವರೂ ಶೆಡ್ಡಿನಲ್ಲೇ ಸೇರಿದರು. ಜಗಳವಾಡಿದರು, ನಕ್ಕರು, ಬರೆದದ್ದನ್ನು ಹರಿದು ಮತ್ತೆ ಬರೆದರು. ನಲವತ್ತು ಪುಟದ ಅರ್ಜಿ ಹನ್ನೆರಡು ಪುಟಕ್ಕೆ ಇಳಿಯಿತು. ಸಹಿ ಮಾತ್ರ ಮೂರರಿಂದ ನಾಲ್ಕಕ್ಕೆ ಏರಿತು. ನಾಲ್ಕನೆಯದು ಖೈರುನ್ನಮ್ಮನದು. ಅನುದಾನ ಬಂತು, ಕೇಂದ್ರ ಎದ್ದಿತು, ಬೇಸಿನ್ನುಗಳ ಅಂಚಿಗೆ ಕೊಳವೆಗಳು ಕೂತವು.

ಒಂದು ವರ್ಷ ಕಳೆಯಿತು. ಒಂದು ಬೆಳಿಗ್ಗೆ ಡಾಕ್ಟರು ಶೆಡ್ಡಿಗೆ ಬಂದರು. ಕಿಟಕಿ ಮುಚ್ಚಿಯೇ ಇತ್ತು. ಡಾಕ್ಟರು ಅದರ ಸುದ್ದಿ ಎತ್ತಲಿಲ್ಲ. ಅವರನ್ನು ಕಂಡದ್ದೇ ಖೈರುನ್ನಮ್ಮ ಶುರುಮಾಡಿದರು.

"ಏನ್ ಡಾಕ್ಟ್ರೇ, ಹೋದ ವಾರ ಬರ್ತೀನಿ ಅಂದೋರು ಇವತ್ತು ಬರ್ತಿದೀರಾ, ಆ ಮೂರನೇ ಬೇಸಿನ್ ಕೊಳವೆ ಕಟ್ಕೊಂಡಿದೆ, ಡೇನಿಯಲ್ ಸಾರ್‌ಗೆ ಹೇಳಿ ಅಂತ ಹೇಳಿಕಳ್ಸಿದ್ದೆ, ಹೇಳಿದ್ರೋ ಇಲ್ಲಾ ಮರ್ತೇಬಿಟ್ರೋ?"

ಡಾಕ್ಟರ ಕಿವಿ ಬೇರೆಯದೇ ಒಂದನ್ನು ಕೇಳಿಸಿಕೊಳ್ಳುತ್ತಿತ್ತು. ಅಷ್ಟುದ್ದದ ಬೈಗುಳದಲ್ಲಿ ಖೈರುನ್ನಮ್ಮ ಎಲ್ಲಿಯೂ ಉಸಿರಿಗಾಗಿ ನಿಂತಿರಲಿಲ್ಲ. ಡಾಕ್ಟರ ಕಣ್ಣು ತುಂಬಿ ಬಂತು.

"ಇನ್ನೊಂದ್ಸಲ ಬೈಯಮ್ಮ," ಎಂದರು.

ನೀತಿ: ಒಂದು ಕಾಗದದ ಮೇಲೆ ಸಹಿಗಳು ಸೇರಿದ ಮಾತ್ರಕ್ಕೆ ಜನ ಸೇರಿದಂತಾಗುವುದಿಲ್ಲ. ಪಕ್ಕದವರಿಗೆ ಏನು ಗೊತ್ತು ಎಂದು ಕೇಳಿ ತಿಳಿದುಕೊಂಡ ದಿನವೇ ಕೂಡಿ ಮಾಡುವ ಕೆಲಸ ಶುರುವಾಗುತ್ತದೆ. ನೋವು ಯಾರದೋ ಅವರನ್ನು ಮೊದಲು ಕೇಳಬೇಕು.